ಟಚ್ ಇನ್, ಟಚ್ ಔಟ್: ಲಂಡನ್ನಿನ ಬಸ್ಸು, ಟ್ಯೂಬು, ರೈಲು ಹೊಸಬರಿಗೆ

ಲಂಡನ್ನಿಗೆ ಬಂದ ಮೊದಲ ವಾರವೇ ನಾನು ದಂಡ ಕಟ್ಟಿದೆ. ಯಾರೂ ಹಿಡಿಯಲಿಲ್ಲ, ರಸೀದಿ ಹರಿಯಲಿಲ್ಲ. ಗೇಟೇ ಇಲ್ಲದ ಒಂದು ಚಿಕ್ಕ ನಿಲ್ದಾಣದಲ್ಲಿ ಇಳಿದೆ, ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ಹಾಗೇ ಮೆಟ್ಟಿಲಿಳಿದು ರಸ್ತೆಗೆ ಬಂದೆ, ಮರುದಿನ ನೋಡಿದರೆ ನಾಲ್ಕು ಸ್ಟಾಪಿನ ಪ್ರಯಾಣಕ್ಕೆ ಊರಿನ ಆ ತುದಿಯಿಂದ ಈ ತುದಿಗೆ ಹೋದಷ್ಟು ಹಣ ಕಟ್ ಆಗಿತ್ತು. ತಪ್ಪು ನನ್ನದೇ. ಇಳಿದ ಮೇಲೆ ಕಾರ್ಡ್ ಮುಟ್ಟಿಸಿರಲಿಲ್ಲ. ನಮ್ಮ ಮೆಟ್ರೊದಲ್ಲಿ ಟೋಕನ್ ಹಾಕದೆ ಗೇಟು ತೆರೆಯುವುದೇ ಇಲ್ಲ, ಹಾಗಾಗಿ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಇಲ್ಲಿ ಕೆಲವು ಕಡೆ ಗೇಟಿಲ್ಲ, ಕಂಬದ ಮೇಲೆ ಒಂದು ಹಳದಿ ಯಂತ್ರ ಮಾತ್ರ. ನೆನಪಿಡುವ ಕೆಲಸ ನಮ್ಮದು.

ಲಂಡನ್ನಿನ ಸಾರಿಗೆ ನೋಡಲು ದೊಡ್ಡ ಗೋಜಲು. ಟ್ಯೂಬ್ ಅಂದರೆ ಇಲ್ಲಿನ ಮೆಟ್ರೊ, ಅದೊಂದರಲ್ಲೇ 11 ಲೈನು, 272 ನಿಲ್ದಾಣ. ಆದರೆ ಅದು ನಿಮ್ಮನ್ನು ನೋಡುವ ರೀತಿ ತುಂಬಾ ಸರಳ. ಅದಕ್ಕೆ ನೀವು ಯಾರು ಅಂತ ಗೊತ್ತಿಲ್ಲ, ನಿಮ್ಮ ಕಾರ್ಡ್ ಮಾತ್ರ ಗೊತ್ತು. ಆ ಕಾರ್ಡ್ ಎಲ್ಲಿ ಒಳಗೆ ಹೋಯಿತು, ಎಷ್ಟು ಗಂಟೆಗೆ, ಎಲ್ಲಿ ಹೊರಗೆ ಬಂತು, ಅಷ್ಟೇ ಲೆಕ್ಕ. ಕೆಳಗಿನದ್ದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಹೆಜ್ಜೆ 1: ಊರಲ್ಲಿರುವಾಗಲೇ ಕಾರ್ಡ್ ಸರಿಮಾಡಿಕೊಳ್ಳಿ

ಇಲ್ಲಿ ಬಸ್ಸು ರೈಲಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಟ್ಯಾಪ್ ಮಾಡಬಹುದಾದ ಬ್ಯಾಂಕ್ ಕಾರ್ಡ್, ಅಂದರೆ ಕಾಂಟ್ಯಾಕ್ಟ್‌ಲೆಸ್. ಅದೇ ಕಾರ್ಡನ್ನು ಫೋನಿಗೆ ಸೇರಿಸಿಕೊಂಡರೆ ಫೋನನ್ನೇ ಮುಟ್ಟಿಸಬಹುದು. ಇನ್ನೊಂದು, 2003ರಲ್ಲಿ ಬಂದ ಆಯ್ಸ್ಟರ್ ಎಂಬ ನೀಲಿ ಕಾರ್ಡ್. ಅದಕ್ಕೆ ದುಡ್ಡು ತುಂಬಿಸುತ್ತಾ ಹೋಗಬೇಕು.

ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್ ನಡೆಯುತ್ತವೆ. ರುಪೇ ಮಾತ್ರ ಇದ್ದರೆ ಅದನ್ನು ನಂಬಿಕೊಂಡು ವಿಮಾನ ಹತ್ತಬೇಡಿ. ಇನ್ನೊಂದು ವಿಷಯ, ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನೂ ಟ್ಯಾಪ್ ಪಾವತಿಯನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕಾಗಬಹುದು. ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆತವರು ನನಗೆ ಗೊತ್ತಿರುವವರಲ್ಲೇ ಮೂರು ಜನ. ಓಟಿಪಿ ಬರುವ ಇಂಡಿಯನ್ ಸಿಮ್ ಜೊತೆಗಿರಲಿ, ರೋಮಿಂಗ್ ಆನ್ ಇರಲಿ.

ಊರಿನ ಕಾರ್ಡಿನಲ್ಲಿ ಪ್ರತಿ ಸಲ ವಿದೇಶಿ ವಿನಿಮಯದ ಶುಲ್ಕ ಸೇರುತ್ತದೆ. ಹಾಗಾಗಿ ಅದು ಮೊದಲ ಒಂದೆರಡು ದಿನಕ್ಕೆ ಸಾಕು. ಇಲ್ಲಿನ ಬ್ಯಾಂಕ್ ಖಾತೆ ಆಗುವ ತನಕ ಆಯ್ಸ್ಟರ್ ತೆಗೆದುಕೊಳ್ಳಿ. ಅದಕ್ಕೆ ವಾಪಸ್ ಬಾರದ ಒಂದು ಸಣ್ಣ ಶುಲ್ಕ ಇದೆ, ನಿಲ್ದಾಣದ ಯಂತ್ರದಲ್ಲೇ ಸಿಗುತ್ತದೆ.

ವಿದ್ಯಾರ್ಥಿಗಳಿಗೆ ಆಯ್ಸ್ಟರ್‌ನಿಂದ ಇನ್ನೂ ಒಂದು ಲಾಭ. 16–25 ರೈಲ್‌ಕಾರ್ಡ್ ಮಾಡಿಸಿಕೊಂಡು, ಟ್ಯೂಬ್ ನಿಲ್ದಾಣದ ಸಿಬ್ಬಂದಿಗೆ ತೋರಿಸಿ, ಅದನ್ನು ಆಯ್ಸ್ಟರ್‌ಗೆ ಸೇರಿಸಿ ಎಂದು ಕೇಳಿ. ಎರಡು ನಿಮಿಷದ ಕೆಲಸ. ಆಮೇಲೆ ರಶ್ ಇಲ್ಲದ ಹೊತ್ತಿನ ಟ್ಯೂಬ್ ಮತ್ತು ರೈಲು ದರದಲ್ಲಿ ಮೂರನೇ ಒಂದು ಭಾಗ ಕಡಿಮೆ. ಬ್ಯಾಂಕ್ ಕಾರ್ಡಿಗೆ ಈ ರಿಯಾಯಿತಿ ಸೇರಿಸಲು ಆಗುವುದಿಲ್ಲ. ಎಷ್ಟೋ ಮಕ್ಕಳು ಇದು ಗೊತ್ತಿಲ್ಲದೆ ವರ್ಷವಿಡೀ ಪೂರ್ತಿ ದರ ಕೊಟ್ಟು ಓಡಾಡುತ್ತಾರೆ.

ಹೆಜ್ಜೆ 2: ಹೀಥ್ರೂ ಏರ್‌ಪೋರ್ಟಿನಿಂದ ಮನೆಗೆ

ಹತ್ತು ಗಂಟೆ ಕೂತು ಬಂದಿರುತ್ತೀರಿ, ಎರಡು ದೊಡ್ಡ ಪೆಟ್ಟಿಗೆ, ಒಂದರಲ್ಲಿ ಉಪ್ಪಿನಕಾಯಿ. ಆಗ ಮೂರು ಬೋರ್ಡ್ ಕಾಣುತ್ತವೆ: ಹೀಥ್ರೂ ಎಕ್ಸ್‌ಪ್ರೆಸ್, ಎಲಿಜಬೆತ್ ಲೈನ್ ರೈಲು, ಟ್ಯೂಬಿನ ಪಿಕಡಿಲಿ ಲೈನ್. 2025ರ ದರದಲ್ಲಿ ಹೇಳುವುದಾದರೆ, ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ಊರೊಳಗಿನ ಪ್ಯಾಡಿಂಗ್‌ಟನ್ ನಿಲ್ದಾಣ ಮುಟ್ಟಿಸಿ 25 ಪೌಂಡ್ ತೆಗೆದುಕೊಳ್ಳುತ್ತದೆ. ಎಲಿಜಬೆತ್ ಲೈನ್ ಅದೇ ಪ್ಯಾಡಿಂಗ್‌ಟನ್‌ಗೆ ಸುಮಾರು ಅರ್ಧ ಗಂಟೆ, ಊರಿನ ಮಧ್ಯಕ್ಕೆ 13.90 ಪೌಂಡ್. ಪಿಕಡಿಲಿ ಹತ್ತಿರ ಹತ್ತಿರ ಒಂದು ಗಂಟೆ, 5.80 ಪೌಂಡ್. ಎಕ್ಸ್‌ಪ್ರೆಸ್‌ನ ಅಗತ್ಯ ಹೊಸಬರಿಗೆ ಇಲ್ಲವೇ ಇಲ್ಲ, ಅದನ್ನು ಬಿಡಿ.

ಉಳಿದ ಎರಡರಲ್ಲಿ ಯಾವುದು ಅನ್ನುವುದನ್ನು ನಿಮ್ಮ ಪೆಟ್ಟಿಗೆ ತೀರ್ಮಾನಿಸಲಿ. ನಮ್ಮವರು ಬಂದಿಳಿಯುವ ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್ ಅನ್ನೇ ತೆಗೆದುಕೊಳ್ಳೋಣ. ಎಲಿಜಬೆತ್ ಲೈನ್ ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ವೈಟ್‌ಚಾಪೆಲ್. ಲೈನ್ ಎರಡಾಗಿ ಒಡೆಯುವುದು ವೈಟ್‌ಚಾಪೆಲ್ ದಾಟಿದ ಮೇಲೆ, ಹಾಗಾಗಿ ಊರಿನೊಳಗೆ ಹಾದು ಪೂರ್ವಕ್ಕೆ ಹೋಗುವ ರೈಲು ಅಬಿ ವುಡ್‌ದೋ ಶೆನ್‌ಫೀಲ್ಡ್‌ದೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಇಳಿದು, ಲಿಫ್ಟ್ ಹಿಡಿದು, ಪೂರ್ವಕ್ಕೆ ಹೋಗುವ ಡಿಸ್ಟ್ರಿಕ್ಟ್ ಲೈನ್ ಪ್ಲಾಟ್‌ಫಾರ್ಮಿಗೆ ಬನ್ನಿ. ಬೋರ್ಡಿನಲ್ಲಿ ಅಪ್‌ಮಿನ್‌ಸ್ಟರ್ ಅಂತಿದ್ದರೂ ಬಾರ್ಕಿಂಗ್ ಅಂತಿದ್ದರೂ ಈಸ್ಟ್ ಹ್ಯಾಮ್ ಸಿಗುತ್ತದೆ.

ದುಡ್ಡು ಉಳಿಸಬೇಕಾದರೆ ಪಿಕಡಿಲಿಯಲ್ಲಿ ಬ್ಯಾರನ್ಸ್ ಕೋರ್ಟ್ ತನಕ ಬಂದು ಇಳಿಯಿರಿ. ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ಪೂರ್ವಕ್ಕೆ ಹೋಗುವ ಡಿಸ್ಟ್ರಿಕ್ಟ್ ರೈಲು ಬರುತ್ತದೆ. ಮೆಟ್ಟಿಲಿಲ್ಲ, ಎಸ್ಕಲೇಟರ್ ಇಲ್ಲ, ನಾಲ್ಕು ಹೆಜ್ಜೆ ಅಷ್ಟೇ. ಒಟ್ಟು ಒಂದೂವರೆ ಗಂಟೆ ಹಿಡಿಯಬಹುದು. ನಾನು ಎರಡನ್ನೂ ಮಾಡಿದ್ದೇನೆ. ರಾತ್ರಿ ನಿದ್ದೆ ಇಲ್ಲದೆ ಬಂದವರಿಗೆ ಎಲಿಜಬೆತ್ ಲೈನಿನ ಆ ಎಂಟು ಪೌಂಡ್ ಜಾಸ್ತಿ ಕೊಟ್ಟದ್ದಕ್ಕೆ ಬೇಜಾರಾಗುವುದಿಲ್ಲ.

ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ಗಂಡ ಮುಟ್ಟಿಸಿ ದಾಟಿ ಹೆಂಡತಿಗೆ ಅದೇ ಕಾರ್ಡ್ ಕೊಡುವುದನ್ನು ಏರ್‌ಪೋರ್ಟ್ ಗೇಟಿನಲ್ಲಿ ವಾರಕ್ಕೊಮ್ಮೆಯಾದರೂ ಯಾರೋ ಮಾಡುತ್ತಿರುತ್ತಾರೆ ಅನ್ನಿಸುತ್ತದೆ. ಒಬ್ಬರಿಗೆ ಒಂದು ಕಾರ್ಡ್. ಹನ್ನೊಂದು ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಟ್ಯೂಬ್‌ನಲ್ಲಿ ಉಚಿತ. ಅವರನ್ನು ಅಗಲದ ಗೇಟಿನಲ್ಲಿ ಕರೆದುಕೊಂಡು ಹೋಗಿ.

ಹೆಜ್ಜೆ 3: ಮುಟ್ಟಿಸುವ ಲೆಕ್ಕ

ಟ್ಯೂಬು, ರೈಲು, ಡಿಎಲ್‌ಆರ್ ಎಂಬ ಲಘು ರೈಲಿನಲ್ಲಿ ಹತ್ತುವಾಗಲೂ ಇಳಿದ ಮೇಲೂ ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಗೇಟು ತೆರೆದೇ ಇದ್ದರೂ ಮುಟ್ಟಿಸಿ, ಗೇಟೇ ಇಲ್ಲದಿದ್ದರೂ ಕಂಬದ ಯಂತ್ರ ಹುಡುಕಿ ಮುಟ್ಟಿಸಿ. ಹತ್ತುವಾಗ ಮುಟ್ಟಿಸದೆ ರೈಲಿನಲ್ಲಿ ಸಿಕ್ಕಿಬಿದ್ದರೆ ದಂಡ 100 ಪೌಂಡ್, 21 ದಿನದೊಳಗೆ ಕಟ್ಟಿದರೆ 50.

ಊರನ್ನು ಈರುಳ್ಳಿಯ ಪದರದ ಹಾಗೆ ವಲಯಗಳಾಗಿ ಮಾಡಿದ್ದಾರೆ. ನಡುಮಧ್ಯೆ ವಲಯ 1, ಹೀಥ್ರೂ ವಲಯ 6. ದಾಟಿದ ವಲಯ ಜಾಸ್ತಿಯಾದಷ್ಟೂ, ಮುಖ್ಯವಾಗಿ ವಲಯ 1ಕ್ಕೆ ಕಾಲಿಟ್ಟರೆ, ದರ ಏರುತ್ತದೆ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9:30 ಮತ್ತು ಸಂಜೆ 4ರಿಂದ 7 ರಶ್ ಹೊತ್ತು, ಆಗ ಇನ್ನೂ ಜಾಸ್ತಿ. ಲೆಕ್ಕ ನೀವು ಮುಟ್ಟಿಸಿದ ಹೊತ್ತಿನದ್ದು. ಬೆಳಿಗ್ಗೆ 9:28ಕ್ಕೆ ಗೇಟಿನ ಮುಂದೆ ಸುಮ್ನೆ ನಿಂತು ಫೋನ್ ನೋಡುತ್ತಿರುವವರನ್ನು ಕಂಡರೆ ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಹೀಥ್ರೂ ಮತ್ತು ವಲಯ 1ರ ನಡುವಿನ ಟ್ಯೂಬ್ ಪ್ರಯಾಣಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಯಾವ ಹೊತ್ತಿಗೂ ರಶ್ ದರವೇ.

ಮನೆ ಹುಡುಕುವಾಗಲೂ ವಲಯ ನೋಡಿ. ಸ್ಟ್ರಾಟ್‌ಫರ್ಡ್ 2/3, ಈಸ್ಟ್ ಹ್ಯಾಮ್ 3/4. ಹೀಗೆ ಗಡಿಯಲ್ಲಿರುವ ನಿಲ್ದಾಣಕ್ಕೆ ನಿಮಗೆ ಅಗ್ಗವಾಗುವ ವಲಯದ ಲೆಕ್ಕ ಹಿಡಿಯುತ್ತಾರೆ. ಬಾಡಿಗೆ ಮೂವತ್ತು ಪೌಂಡ್ ಕಡಿಮೆ ಅಂತ ಒಂದು ವಲಯ ಆಚೆ ಹೋದರೆ ಆ ಮೂವತ್ತು ರೈಲಿಗೇ ಹೋಗಬಹುದು.

ಇನ್ನು ಕ್ಯಾಪ್. ಒಂದು ದಿನದಲ್ಲಿ ಇಷ್ಟರ ಮೇಲೆ ಕಟ್ ಮಾಡುವುದಿಲ್ಲ ಎಂಬ ಮಿತಿ ಅದು. 2025ರಲ್ಲಿ ವಲಯ 1–2ರೊಳಗೆ ದಿನಕ್ಕೆ 8.90, ಸೋಮವಾರದಿಂದ ಭಾನುವಾರದ ವಾರಕ್ಕೆ 44.70 ಪೌಂಡ್. ಪಾಸ್ ತೆಗೆಸುವ ಗೋಜೇ ಇಲ್ಲ, ಅದು ತಾನಾಗಿಯೇ ಲೆಕ್ಕ ಹಾಕಿಕೊಳ್ಳುತ್ತದೆ. ಒಂದೇ ಷರತ್ತು, ಪ್ರತಿ ಸಲ ಅದೇ ಕಾರ್ಡ್ ಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ಬೆಳಿಗ್ಗೆ ಕಾರ್ಡ್ ಮುಟ್ಟಿಸಿ, ಸಂಜೆ ಅದೇ ಕಾರ್ಡ್ ಇರುವ ಫೋನ್ ಮುಟ್ಟಿಸಿದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಜನ. ವಾಚ್ ಮೂರನೆಯವನು. ಬ್ಯಾಂಕ್ ಖಾತೆ ಒಂದೇ ಆಗಿರಬಹುದು, ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಒಳಗೆ ಹೋಗುವಾಗ ಕಾರ್ಡ್, ಹೊರಗೆ ಬರುವಾಗ ಫೋನ್ ಆಯಿತೋ, ಎರಡು ಅರ್ಧ ಪ್ರಯಾಣ, ಎರಡಕ್ಕೂ ಗರಿಷ್ಠ ದರ. ಪರ್ಸಿನಲ್ಲಿ ಎರಡು ಕಾರ್ಡ್ ಇದ್ದರೆ ಇಡೀ ಪರ್ಸನ್ನು ಯಂತ್ರಕ್ಕೆ ಒತ್ತಬೇಡಿ, ಬೇಕಾದ್ದನ್ನು ಹೊರತೆಗೆಯಿರಿ.

ನೀವು ಫೋನ್ ಪಕ್ಷದವರಾದರೆ ಬ್ಯಾಟರಿ ನೋಡಿಕೊಳ್ಳಿ. ನಡುದಾರಿಯಲ್ಲಿ ಫೋನ್ ಕೈಕೊಟ್ಟರೆ ಹೊರಗೆ ಮುಟ್ಟಿಸಲು ಏನೂ ಇರುವುದಿಲ್ಲ.

ಮರೆತೇ ಹೋದರೆ? ಕಾರ್ಡನ್ನು ಟಿಎಫ್‌ಎಲ್ (ಲಂಡನ್ನಿನ ಸಾರಿಗೆ ಸಂಸ್ಥೆ) ಖಾತೆಯಲ್ಲಿ ನೋಂದಾಯಿಸಿಟ್ಟಿದ್ದರೆ ಅರ್ಧ ಪ್ರಯಾಣ ಅಲ್ಲಿ ಕಾಣಿಸುತ್ತದೆ, ಎಲ್ಲಿ ಇಳಿದಿರಿ ಅಂತ ತುಂಬಿ ಹಣ ವಾಪಸ್ ಕೇಳಬಹುದು. ನನಗೆ ಮೊದಲ ವಾರ ಇದು ಗೊತ್ತಿರಲಿಲ್ಲ.

ಹಳದಿಯಲ್ಲದೆ ಕೆಲವು ನಿಲ್ದಾಣಗಳಲ್ಲಿ ಗುಲಾಬಿ ಬಣ್ಣದ ಯಂತ್ರವೂ ಇದೆ, ಸ್ಟ್ರಾಟ್‌ಫರ್ಡ್‌ನಲ್ಲಿ ಕಾಣಬಹುದು. ರೈಲು ಬದಲಿಸುವಾಗ ಅದಕ್ಕೆ ಮುಟ್ಟಿಸಿದರೆ ನೀವು ವಲಯ 1ಕ್ಕೆ ಹೋಗದೆ ಸುತ್ತು ದಾರಿಯಲ್ಲಿ ಬಂದಿರಿ ಅಂತ ಗೊತ್ತಾಗಿ ಕಡಿಮೆ ದರ ಬೀಳುತ್ತದೆ.

ಹೆಜ್ಜೆ 4: ಮೊದಲು ಬಸ್ಸಿನಲ್ಲಿ ಓಡಾಡಿ

ಹೊಸಬರೆಲ್ಲ ಟ್ಯೂಬಿಗೆ ಓಡುತ್ತಾರೆ. ನನ್ನ ಮಾತು ಕೇಳಿ, ಮೊದಲ ವಾರ ಬಸ್ಸು ಹತ್ತಿ, ಮಹಡಿಯ ಮುಂದಿನ ಸೀಟು ಹಿಡಿಯಿರಿ. ಟ್ಯೂಬಿನಲ್ಲಿ ಓಡಾಡಿದರೆ ಊರು ತುಂಡು ತುಂಡಾಗಿ ಕಾಣುತ್ತದೆ, ಇಲಿ ಬಿಲದಿಂದ ತಲೆ ಹೊರಗೆ ಹಾಕಿದ ಹಾಗೆ. ಬಸ್ಸಿನಲ್ಲಿ ಯಾವ ರಸ್ತೆ ಎಲ್ಲಿ ಸೇರುತ್ತದೆ ಅಂತ ಗೊತ್ತಾಗುತ್ತದೆ.

ದುಡ್ಡೂ ಉಳಿಯುತ್ತದೆ. 2025ರಲ್ಲಿ ಬಸ್ ದರ 1.75 ಪೌಂಡ್, ಎಷ್ಟು ದೂರ ಹೋದರೂ ಅಷ್ಟೇ. ಮೊದಲ ಬಸ್ಸಿನಲ್ಲಿ ಮುಟ್ಟಿಸಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ಕಟ್ ಆಗುವುದಿಲ್ಲ. ಅಂಗಡಿಗೆ ಹೋಗಿ ಬೇಗ ಸಾಮಾನು ತಂದರೆ ವಾಪಸ್ ಬರುವುದು ಉಚಿತ.

ಕಂಡಕ್ಟರ್ ಇಲ್ಲ. 2014ರ ಜುಲೈಯಿಂದ ಕಾಸೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಚಿಲ್ಲರೆ ಜಗಳವೂ ಇಲ್ಲ. ಆಯ್ಸ್ಟರ್‌ನಲ್ಲಿ ದುಡ್ಡು ಕಡಿಮೆ ಬಿದ್ದರೆ ಒಂದು ಸಲ ಮಾತ್ರ ಹತ್ತಲು ಬಿಡುತ್ತದೆ, ಆಮೇಲೆ ತುಂಬಿಸಲೇಬೇಕು.

ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಹುಡುಕಿದ ಅಭ್ಯಾಸ ಇದ್ದವರಿಗೆ ಬಸ್ ಸ್ಟಾಪ್ ಸುಲಭ. ದೊಡ್ಡ ಜಂಕ್ಷನ್‌ಗಳಲ್ಲಿ ಒಂದೇ ಹೆಸರಿನ ನಾಲ್ಕೈದು ಸ್ಟಾಪ್ ಇರುತ್ತವೆ, ಕಂಬದ ಮೇಲೆ ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಆ್ಯಪ್ ಯಾವ ಅಕ್ಷರ ಹೇಳುತ್ತದೋ ಆ ಕಂಬದ ಹತ್ತಿರವೇ ನಿಲ್ಲಿ. ಹೆಸರಿನ ಕೆಳಗೆ ಯಾವ ಕಡೆಗೆ ಅಂತಲೂ ಬರೆದಿರುತ್ತದೆ. ಬಸ್ ಬಂದಾಗ ಕೈ ಚಾಚಿ, ಇಲ್ಲದಿದ್ದರೆ ಡ್ರೈವರ್ ನಿಮಗೆ ಬೇಡವೇನೋ ಅಂತ ಹೋಗಿಬಿಡಬಹುದು. ಮುಂದಿನ ಬಾಗಿಲಲ್ಲಿ ಹತ್ತಿ, ಮಧ್ಯದ ಬಾಗಿಲಲ್ಲಿ ಇಳಿಯಿರಿ. ಇಳಿಯುವ ಮುಂಚೆ ಕೆಂಪು ಗುಂಡಿ ಒತ್ತಿ. ಬಸ್ಸಿನೊಳಗೆ ಮುಂದಿನ ಸ್ಟಾಪಿನ ಹೆಸರು ಕೂಗುತ್ತದೆ.

ಹೆಜ್ಜೆ 5: ಈಗ ಟ್ಯೂಬ್

ನಿಲ್ದಾಣಕ್ಕೆ ಹೋಗುವ ಮುಂಚೆ ಮೂರು ವಿಷಯ ತಿಳಿದಿರಲಿ: ಲೈನಿನ ಹೆಸರು, ದಿಕ್ಕು, ರೈಲಿನ ಕೊನೆಯ ನಿಲ್ದಾಣ. ಬೆಂಗಳೂರಿನಲ್ಲಿ ಯಾರೂ ಪೂರ್ವ ಪಶ್ಚಿಮ ಅಂತ ದಾರಿ ಕೇಳುವುದಿಲ್ಲ, ಸಿಗ್ನಲ್ ಹತ್ತಿರ ಎಡಕ್ಕೆ ಅನ್ನುತ್ತೇವೆ. ಇಲ್ಲಿ ಪ್ಲಾಟ್‌ಫಾರ್ಮಿನ ಬೋರ್ಡೆಲ್ಲ ದಿಕ್ಕಿನಲ್ಲೇ ಇರುತ್ತದೆ. ಎಸ್ಕಲೇಟರ್ ಇಳಿದ ಕೂಡಲೆ ಗೋಡೆಯ ಮೇಲೆ ಮುಂದಿನ ನಿಲ್ದಾಣಗಳ ಪಟ್ಟಿ ಇರುತ್ತದೆ. ನಿಮ್ಮ ನಿಲ್ದಾಣ ಯಾವ ಪಟ್ಟಿಯಲ್ಲಿದೆ ನೋಡಿ ಆ ಕಡೆ ತಿರುಗಿ. ದಿಕ್ಕು ಗೊತ್ತಿಲ್ಲದಿದ್ದರೂ ಇದು ತಪ್ಪುವುದಿಲ್ಲ. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ, ಎಡ ಭಾಗ ಅವಸರದವರದ್ದು. ಇಲ್ಲಿ ಯಾರೂ ಬೈಯುವುದಿಲ್ಲ, ಬೆನ್ನ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಾರೆ. ಅದು ಬೈಗುಳಕ್ಕಿಂತ ಕೆಟ್ಟದ್ದು.

ಲೈನ್ ಸರಿ, ದಿಕ್ಕು ಸರಿ, ಆದರೂ ತಪ್ಪು ಊರು! ಕವಲೊಡೆಯುವ ಲೈನ್‌ಗಳಲ್ಲಿ ಹೀಗಾಗುತ್ತದೆ. ನಾರ್ದರ್ನ್ ಲೈನ್ ಊರಿನ ಮಧ್ಯೆ ಎರಡು ದಾರಿ ಹಿಡಿಯುತ್ತದೆ, ಒಂದು ಬ್ಯಾಂಕ್ ಎಂಬ ನಿಲ್ದಾಣದ ಮೂಲಕ, ಇನ್ನೊಂದು ಚಾರಿಂಗ್ ಕ್ರಾಸ್ ಮೂಲಕ. ಡಿಸ್ಟ್ರಿಕ್ಟ್ ಲೈನ್ ಅರ್ಲ್ಸ್ ಕೋರ್ಟ್‌ನಲ್ಲಿ ಆಲದ ಬೇರಿನ ಹಾಗೆ ವಿಂಬಲ್ಡನ್, ರಿಚ್ಮಂಡ್, ಈಲಿಂಗ್ ಬ್ರಾಡ್‌ವೇ ಅಂತ ಹರಡುತ್ತದೆ. ಹಾಗಾಗಿ ರೈಲು ಬಂದ ಕೂಡಲೆ ನುಗ್ಗಬೇಡಿ, ತಲೆ ಎತ್ತಿ ಬೋರ್ಡ್ ಓದಿ. ತಪ್ಪಾಗಿ ಹತ್ತಿದರೂ ಗಾಬರಿ ಬೇಡ. ಮುಂದಿನ ನಿಲ್ದಾಣದಲ್ಲಿ ಇಳಿದು, ಗೇಟಿನ ಹೊರಗೆ ಹೋಗದೆ, ಎದುರು ಪ್ಲಾಟ್‌ಫಾರ್ಮಿನಿಂದ ವಾಪಸ್ ಬಂದರಾಯಿತು.

ನಕ್ಷೆಯನ್ನು ದೂರ ಅಳೆಯಲು ಬಳಸಬೇಡಿ. 1933ರಲ್ಲಿ ಬಂದ ಹ್ಯಾರಿ ಬೆಕ್ ಅವರ ನಕ್ಷೆಯೇ ಇವತ್ತಿನ ನಕ್ಷೆಗೂ ಮೂಲ. ನೇರ ಗೆರೆ, ಓರೆ ಗೆರೆ, ಎಲೆಕ್ಟ್ರಿಕ್ ಸರ್ಕ್ಯೂಟಿನ ಹಾಗೆ. ಯಾವುದು ಯಾವುದಕ್ಕೆ ಸೇರುತ್ತದೆ ಅಂತ ಹೇಳುತ್ತದೆ, ಎಷ್ಟು ದೂರ ಅಂತ ಹೇಳುವುದಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕವೆಂಟ್ ಗಾರ್ಡನ್‌ಗೆ 300 ಮೀಟರ್ ಕೂಡ ಇಲ್ಲ, ಎಸ್ಕಲೇಟರ್ ಇಳಿದು ಹತ್ತುವುದರೊಳಗೆ ನಡೆದೇ ಹೋಗಬಹುದು. ಅದಕ್ಕಿಂತ ಮುಖ್ಯ, ಕವೆಂಟ್ ಗಾರ್ಡನ್‌ನಲ್ಲಿ ಹೊರಗೆ ಬರಲು ಲಿಫ್ಟ್. ಸಾಲು ಉದ್ದ ಇದೆ ಅಂತ ಪಕ್ಕದ ಸುರುಳಿ ಮೆಟ್ಟಿಲು ಹಿಡಿದಿರೋ, 193 ಮೆಟ್ಟಿಲು. ನೂರಕ್ಕೆ ಬರುವಷ್ಟರಲ್ಲಿ ಮಾತು ನಿಂತಿರುತ್ತದೆ, ವಾಪಸ್ ಇಳಿಯಲೂ ಮನಸ್ಸಾಗುವುದಿಲ್ಲ.

ಹೆಸರಿನ ವಿಷಯ. ನಾವು ಬರೆದದ್ದನ್ನು ಬರೆದ ಹಾಗೆ ಓದುವ ಜನ, ಇವರು ಅರ್ಧ ಅಕ್ಷರ ನುಂಗುತ್ತಾರೆ. ಲೀಸೆಸ್ಟರ್ ಅಂತ ಕಾಣುವುದು ಲೆಸ್ಟರ್, ಸೌತ್‌ವಾರ್ಕ್ ಸದಕ್, ಗ್ರೀನ್‌ವಿಚ್ ಗ್ರೆನಿಚ್, ಹೋಲ್‌ಬಾರ್ನ್ ಹೋಬನ್. ಘೋಷಣೆ ಕೇಳಿ ಇಳಿಯುತ್ತೇನೆ ಅಂದುಕೊಂಡರೆ ನಿಮ್ಮ ನಿಲ್ದಾಣ ದಾಟಿಯೇ ಹೋಗಬಹುದು, ಕಿಟಕಿಯಾಚೆ ಬೋರ್ಡ್ ನೋಡಿ.

ಎಲಿಜಬೆತ್ ಲೈನ್ ರೈಲುಗಳು 200 ಮೀಟರಿಗೂ ಉದ್ದ. ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಇಳಿದು ತಪ್ಪು ತುದಿಯಿಂದ ಹೊರಬಂದರೆ ಮೂರ್‌ಗೇಟ್‌ನಲ್ಲಿ ನಿಂತಿರುತ್ತೀರಿ. ಇಂಟರ್‌ವ್ಯೂ ದಿನ ಇದು ಆಗಬಾರದು.

ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ, ರೀಡಿಂಗ್ ಊರುಗಳ ಕಡೆ ಕೆಲಸ ಸಿಕ್ಕವರಿಗೆ ಒಂದು ಮಾತು. ಆ ದಿಕ್ಕಿನಲ್ಲಿ ವೆಸ್ಟ್ ಡ್ರೇಟನ್ ದಾಟಿದರೆ ಆಯ್ಸ್ಟರ್ ನಡೆಯುವುದಿಲ್ಲ, ಕಾಂಟ್ಯಾಕ್ಟ್‌ಲೆಸ್ ಬೇಕು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಥರದ ದೂರದ ಊರುಗಳಿಗೆ ಎರಡೂ ಬೇಡ, ಟಿಕೆಟ್ಟೇ ತೆಗೆಯಬೇಕು, ವಾರಗಟ್ಟಲೆ ಮುಂಚೆ ತೆಗೆದರೆ ಅಗ್ಗ.

ಹೆಜ್ಜೆ 6: ರೈಲು ಕೆಟ್ಟ ದಿನ, ರಜಾ ದಿನ, ರಾತ್ರಿ

ಹೊರಡುವ ಮುಂಚೆ ಟಿಎಫ್‌ಎಲ್ ಗೋ ಅಥವಾ ಸಿಟಿಮ್ಯಾಪರ್ ಆ್ಯಪ್ ನೋಡಿ. ಗುಡ್ ಸರ್ವಿಸ್ ಅಂದರೆ ಹೊರಡಿ. ಮೈನರ್ ಡಿಲೇಸ್ ಅಂದರೂ ಹೊರಡಿ. ಸಿವಿಯರ್ ಅಂದರೆ ಬೇರೆ ದಾರಿ ನೋಡಿ, ಸುಮ್ನೆ ಕಾಯಬೇಡಿ. ಶನಿವಾರ ಭಾನುವಾರ ಹಳಿ ರಿಪೇರಿಗೆ ಯಾವುದಾದರೂ ಒಂದು ಲೈನ್ ತುಂಡಾಗಿ ನಿಂತಿರುವುದು ಮಾಮೂಲು. 1863ರಲ್ಲಿ ಶುರುವಾದ ಸುರಂಗಗಳು, ರಿಪೇರಿ ಬೇಕೇ ಬೇಕು.

ರಾತ್ರಿಯಿಡೀ ಟ್ಯೂಬ್ ಓಡುವುದು ಶುಕ್ರವಾರ ಮತ್ತು ಶನಿವಾರ ಮಾತ್ರ, ಅದೂ ಐದು ಲೈನ್‌ಗಳಲ್ಲಿ. ಉಳಿದ ರಾತ್ರಿಗಳಲ್ಲಿ ಎನ್ ಅಕ್ಷರದಿಂದ ಶುರುವಾಗುವ ಬಸ್ಸುಗಳು, 24 ಗಂಟೆ ಓಡುವ ಕೆಲವು ಬಸ್ಸುಗಳೇ ಗತಿ. ಡಿಸೆಂಬರ್ 25ರಂದು ಬಸ್ಸೂ ಇಲ್ಲ, ಟ್ಯೂಬೂ ಇಲ್ಲ. ಟಿಕೆಟ್ ಅಗ್ಗ ಅಂತ ಆ ದಿನ ಬಂದಿಳಿಯುವ ವಿಮಾನ ಬುಕ್ ಮಾಡಬೇಡಿ.

ಅಪ್ಪ ಅಮ್ಮ ಬಂದಾಗ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ನೋಡಿ. ನೀಲಿ ಗುರುತು ಇದ್ದರೆ ರಸ್ತೆಯಿಂದ ರೈಲಿನೊಳಗೆ ತನಕ ಮೆಟ್ಟಿಲಿಲ್ಲ, ಬಿಳಿ ಇದ್ದರೆ ಪ್ಲಾಟ್‌ಫಾರ್ಮ್ ತನಕ ಮಾತ್ರ. ಗುರುತೇ ಇಲ್ಲದ ನಿಲ್ದಾಣ ಬಹಳ. ಮಂಡಿ ನೋವಿನವರಿಗೆ ಬಸ್ಸೇ ವಾಸಿ.

ಹೆಜ್ಜೆ 7: ಒಂದು ತಾಲೀಮು

ಕಾಲೇಜು, ಆಫೀಸು ಶುರುವಾಗುವ ಮುಂಚಿನ ಭಾನುವಾರ ಒಂದು ಸುತ್ತು ಹೋಗಿ ಬನ್ನಿ. ನಾನು ಹೊಸಬರನ್ನೆಲ್ಲ ಈಸ್ಟ್ ಹ್ಯಾಮ್‌ನಿಂದ ಬಸವಣ್ಣನವರ ಪ್ರತಿಮೆಗೆ ಕಳಿಸುತ್ತೇನೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು.

ಈಸ್ಟ್ ಹ್ಯಾಮ್‌ನಲ್ಲಿ ಪಶ್ಚಿಮದ ಪ್ಲಾಟ್‌ಫಾರ್ಮಿಗೆ ಇಳಿಯಿರಿ. ಮೊದಲ ಪರೀಕ್ಷೆ ಅಲ್ಲೇ. ಅಲ್ಲಿಗೆ ನಕ್ಷೆಯಲ್ಲಿ ಹಸಿರು ಗೆರೆಯ ಡಿಸ್ಟ್ರಿಕ್ಟ್ ರೈಲೂ ಬರುತ್ತದೆ, ಗುಲಾಬಿ ಗೆರೆಯ ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ರೈಲೂ ಬರುತ್ತದೆ, ಹೊರಗಿಂದ ಎರಡೂ ಒಂದೇ ಥರ. ಬೇಕಾದ್ದು ಡಿಸ್ಟ್ರಿಕ್ಟ್. ಇನ್ನೊಂದನ್ನು ಹತ್ತಿಬಿಟ್ಟರೆ ವೈಟ್‌ಚಾಪೆಲ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನಲ್ಲಿ ಡಿಸ್ಟ್ರಿಕ್ಟ್ ರೈಲಿಗೆ ಕಾಯಿರಿ. ಆಲ್ಡ್‌ಗೇಟ್ ಈಸ್ಟ್ ದಾಟಿದರೆ ದಾರಿ ಬೇರೆಯಾಗುತ್ತದೆ.

ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿಯಿರಿ, ಮುಟ್ಟಿಸಿ ಹೊರಬನ್ನಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿ ಬಲಗಡೆಗೇ ಇರುವ ಹಾಗೆ ಸುಮಾರು 20 ನಿಮಿಷ ನಡೆಯಿರಿ. ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಂಡೆಯಲ್ಲಿ ಮುಂದೆ ಹೋದರೆ ಉದ್ಯಾನದಲ್ಲಿ ಬಸವಣ್ಣನವರು ಸಿಗುತ್ತಾರೆ. ಫೋಟೊ ತೆಗೆದು ಊರಿಗೆ ಕಳಿಸಿ.

ವಾಪಸ್ ಬರುವಾಗ ಆ್ಯಪ್ ನೋಡದೆ ಬರಲು ಪ್ರಯತ್ನಿಸಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪೂರ್ವದ ಪ್ಲಾಟ್‌ಫಾರ್ಮ್, ಹಸಿರು ಗೆರೆ, ಅಪ್‌ಮಿನ್‌ಸ್ಟರ್ ಬೋರ್ಡ್. ಟವರ್ ಹಿಲ್ ಅಂತ ಬೋರ್ಡ್ ಇದ್ದರೆ ಬಿಟ್ಟುಬಿಡಿ, ಅದು ಅರ್ಧ ದಾರಿಗೇ ನಿಲ್ಲುತ್ತದೆ. ಈಸ್ಟ್ ಹ್ಯಾಮ್‌ನಲ್ಲಿ ಇಳಿದಾಗ ಅಮ್ಮನ ಫೋನ್ ಬಂದಿದ್ದರೆ, ಕಾರ್ಡ್ ಮುಟ್ಟಿಸಿದ ಮೇಲೆ ಎತ್ತಿ.